ನೀಲಿ ಕೆಮ್ಮಿನ ಹೇಳಿಕೆಗಳು

ಬಣ್ಣದ ಕಾರ್ಖಾನೆಯಲ್ಲಿ ದುಡಿದು ಎದೆ ಕೆಡಿಸಿಕೊಂಡ ಹೆಂಗಸರ ಹೇಳಿಕೆಗಳನ್ನೆಲ್ಲ ಯಾರೋ ಗ್ರಂಥಾಲಯದಿಂದ ಅಳಿಸಿದ್ದರು. ಒಂದೂ ಉಳಿದಿರಲಿಲ್ಲ.

ಅದು ಮೊದಲು ಗೊತ್ತಾದದ್ದು ಕಿವಿಗೆ. ಕಿವಿ ಅನ್ನುವುದು ಅವಳಿಗೆ ತಂತ್ರಾಂಶ ಬಳಗದವರು ಇಟ್ಟ ಅಡ್ಡಹೆಸರು. ಹುಟ್ಟಿನಿಂದ ಅವಳಿಗೆ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಓದಿ ಹೇಳುವ ಯಂತ್ರದ ದನಿ ಕೇಳಿಕೊಂಡೇ ಅವಳ ಕೆಲಸ ಸಾಗುತ್ತಿತ್ತು. ನೂರಾರು ಗ್ರಂಥಾಲಯಗಳು ತಮ್ಮ ಡಿಜಿಟಲ್ ಸಂಗ್ರಹಗಳನ್ನು ಒಂದೇ ಮುಕ್ತ ತಂತ್ರಾಂಶದಲ್ಲಿ ಇಟ್ಟುಕೊಂಡಿದ್ದವು; ಆ ಹೇಳಿಕೆಗಳ ಪ್ರತಿ ಎಲ್ಲ ಕಡೆಯೂ ಇತ್ತು. ಆ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಅದನ್ನು ನಡೆಸುವ ಬಳಗದ ಹಿರಿಯರು ನೋಡಿ ಒಪ್ಪಬೇಕು, ಅಷ್ಟೆ. ಆ ಬಳಗದಲ್ಲಿ ತಪ್ಪು ಹಿಡಿಯುವ ಕೆಲಸ ಕಿವಿಯದು.

ಬೆಳಿಗ್ಗೆ ಕೀಲಿಮಣೆ ಒತ್ತಿದಳು. "ಪತ್ರಿಕೆಗಳು," ಅಂದಿತು ಯಂತ್ರ. ಮತ್ತೆ ಒತ್ತಿದಳು. "ಭೂಪಟಗಳು." ನಡುವೆ ಇರಬೇಕಾದ ಹೇಳಿಕೆಗಳಿಲ್ಲ. ಹಿಂದೆ ಹೋದಳು. ಮುಂದೆ ಬಂದಳು.

ಅವುಗಳಲ್ಲಿ ಒಂದು ಅವಳ ಅಮ್ಮನ ದನಿ. "ಕೆಮ್ಮಿದ್ರೆ ಕರ್ಚೀಫಿನ ಮೇಲೆ ನೀಲಿ ಬರ್ತಿತ್ತು. ಸಾಹೇಬರಿಗೆ ತೋರಿಸಿದ್ರೆ, ಒಳ್ಳೇ ಬಣ್ಣ ಅಲ್ವಾ ಅಂತ ನಕ್ರು," ಎಂದು ಹೇಳಿ ಮುಗಿಸುವ ಮೊದಲೇ ಅಮ್ಮ ಮತ್ತೆ ಕೆಮ್ಮುತ್ತಾಳೆ. ಆ ಅಮ್ಮ ಈಗಿಲ್ಲ. ನಾಳೆ ವಿಚಾರಣಾ ಆಯೋಗ ಆ ಹೇಳಿಕೆಗಳನ್ನು ಕೇಳಬೇಕಿತ್ತು. ಅವಿಲ್ಲದಿದ್ದರೆ ಕಾರ್ಖಾನೆ ಕೈ ತೊಳೆದುಕೊಂಡಂತೆ.

ಏನನ್ನೇ ಅಳಿಸಿದರೂ ಆ ಜಾಗದಲ್ಲಿ ಒಂದು ಬರಹ ತಾನಾಗಿ ನಿಲ್ಲಬೇಕಿತ್ತು: ಇಲ್ಲಿ ಏನಿತ್ತು, ಯಾರು ತೆಗೆದರು, ಯಾಕೆ. ಬಳಗದವರು ಅದನ್ನು ಗೋರಿಕಲ್ಲು ಅನ್ನುತ್ತಿದ್ದರು. ಇಲ್ಲಿ ಅದೂ ಇರಲಿಲ್ಲ. ಹೆಣದ ಜೊತೆ ಗೋರಿಯನ್ನೂ ಕದ್ದಿದ್ದರು.

*

"ಅಯ್ಯೋ ಮಗಾ!" ಅಕ್ಕನ ಕುರ್ಚಿ ಕಿರುಗುಟ್ಟಿತು. ಅಕ್ಕ ಅಂದರೆ ಬಳಗದ ನಾಯಕಿ. ತಂತ್ರಾಂಶವನ್ನು ಕೂಸಿನಂತೆ ಸಾಕಿದವಳು, ಕಿವಿಗೆ ಕೆಲಸ ಕಲಿಸಿದವಳು. "ಎಲ್ಲಾ ಲೈಬ್ರರಿಗಳಲ್ಲೂ ಹೋಗಿದೆಯಾ?"

"ಹೊಸ ಆವೃತ್ತಿ ಹಾಕ್ಕೊಂಡ ಎಲ್ಲಾ ಕಡೆ. ಅದರೊಳಗೆ ಒಂದು ತಿದ್ದುಪಡಿ ಸೇರ್ಕೊಂಡಿದೆ ಅಕ್ಕ. ಗೋರಿಕಲ್ಲು ಇಲ್ಲದೆ ಅಳಿಸೋಕೆ ಕಳ್ಳಬಾಗಿಲು."

"ಕಳಿಸಿದ್ದು ಯಾರು?"

"ಯಾರೋ ಹೊಸಬ. ಅದೊಂದು ಕಳಿಸಿ ನಾಪತ್ತೆ. ಒಪ್ಪಿರೋದು ನೀವೇ."

ಅಕ್ಕ ಕುರ್ಚಿ ಹಿಂದಕ್ಕೆ ತಳ್ಳಿದಳು. "ಸಣ್ಣಪುಟ್ಟ ರಿಪೇರಿ ಜೊತೆ ಬಂದಿತ್ತು. ಕಣ್ತಪ್ಪಿತು. ಇದು ಜಗಳಗಂಟನ ಕೆಲಸ ಕಣೆ. ಬಳಗದಿಂದ ಹೊರಗೆ ಹಾಕಿದಾಗ 'ನೋಡ್ಕೋತೀನಿ' ಅಂದಿದ್ದ, ಮರೆತ್ಯಾ?"

ಕಿವಿ ಮರೆತಿರಲಿಲ್ಲ. ಚೀಲ ಹೆಗಲಿಗೇರಿಸಿದಳು. ಸಂಜೆ ಎಲ್ಲ ಗ್ರಂಥಾಲಯಗಳವರ ಆನ್‌ಲೈನ್ ಬಹಿರಂಗ ಸಭೆ. ಅಷ್ಟರೊಳಗೆ ಕಳ್ಳನ ಹೆಸರು ಸಿಗಬೇಕಿತ್ತು.

*

ಜಗಳಗಂಟನದು ಊರಾಚೆಯ ಒಂದು ಪುಟ್ಟ ಕಾಲೇಜು ಗ್ರಂಥಾಲಯ. ಬಾಗಿಲಲ್ಲೇ ಅಂಟಿನ ವಾಸನೆ. ಹರಿದ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ.

"ಬಂದ್ರಾ ಪೊಲೀಸಮ್ಮ! ಬೇಡಿ ತಂದಿದ್ದೀಯೋ, ಹಗ್ಗ ಸಾಕು ಅಂತ ಬಂದ್ಯೋ?"

"ತಮಾಷೆ ಬೇಡ. ನೀವೇನಾ ಅಳಿಸಿದ್ದು?"

"ನನ್ನ ಯಾಕೆ ಹೊರಗೆ ಹಾಕಿದ್ರಿ, ಅದನ್ನ ಹೇಳು ಮೊದಲು."

"ಟೆಸ್ಟ್ ಬರೆಯಲ್ಲ ಅಂತ."

ಬಳಗದಲ್ಲಿ ಅದೊಂದು ಕಟ್ಟುನಿಟ್ಟು. ತಿದ್ದುಪಡಿ ಕಳಿಸುವವರು, ಅದು ಸರಿಯಾಗಿ ನಡೆಯುತ್ತದೆಯೇ ಎಂದು ಪರೀಕ್ಷಿಸುವ ಕೋಡನ್ನೂ ಬರೆದು ಜೊತೆಗೆ ಕಳಿಸಬೇಕು. ಟೆಸ್ಟ್ ಇಲ್ಲದ್ದನ್ನು ಅಕ್ಕ ಮುಖಕ್ಕೇ ಎಸೆಯುತ್ತಿದ್ದಳು.

"ಈ ಕಳ್ಳಬಾಗಿಲಿಗೆ ಟೆಸ್ಟ್ ಇದೆಯಾ, ನೋಡಿದ್ಯಾ?"

ನೋಡಿರಲಿಲ್ಲ. ಕಳ್ಳನ ಹತ್ತಿರ ಅದನ್ನು ಯಾರು ಹುಡುಕುತ್ತಾರೆ? ಲ್ಯಾಪ್‌ಟಾಪ್ ತೆಗೆದು ಇಯರ್‌ಫೋನ್ ಸಿಕ್ಕಿಸಿಕೊಂಡಳು. ಟೆಸ್ಟ್ ಇತ್ತು. ಒಂದು ಸುಳ್ಳು ಕಡತ ಇಟ್ಟು, ಅದನ್ನು ಅಳಿಸಿ, ಗುರುತು ಉಳಿದಿಲ್ಲ ಎಂದು ಸಾಲು ಸಾಲಾಗಿ ಪರೀಕ್ಷಿಸಿತ್ತು.

"ಇದೆ."

"ಕಳ್ಳತನಕ್ಕೂ ಟೆಸ್ಟ್!" ಜಗಳಗಂಟ ಮೇಜು ತಟ್ಟಿ ನಕ್ಕ. "ಅದು ನನ್ನ ಜನ್ಮದಲ್ಲಿ ಆಗೋ ಕೆಲಸವಾ?"

ಕಿವಿ ನಗಲಿಲ್ಲ. ಕೊನೆಯ ಸಾಲನ್ನು ಯಂತ್ರ ಓದುತ್ತಿತ್ತು: ಅಳಿಸಿದ ಜಾಗದಲ್ಲಿ ಪರದೆ ಓದುವ ದನಿ ಏನನ್ನೂ ಉಚ್ಚರಿಸಬಾರದು. ಮತ್ತೊಮ್ಮೆ ಓದಿಸಿದಳು.

"ಏನಮ್ಮ? ಮುಖ ಯಾಕೆ ಹಾಗಾಯ್ತು?"

"ನೀವು ಹೊಸ ಆವೃತ್ತಿ ಹಾಕ್ಕೊಂಡ್ರಾ?"

"ನಿಮ್ಮ ಮೇಲಿನ ಸಿಟ್ಟಿಗೆ ಮುಟ್ಟೇ ಇಲ್ಲ."

"ಹಾಗಾದ್ರೆ ಹೇಳಿಕೆಗಳು ನಿಮ್ಮಲ್ಲಿ..."

ಅವನ ಕುರ್ಚಿ ಧಡಕ್ಕನೆ ಹಿಂದೆ ಸರಿಯಿತು. ಕೀಲಿಗಳು ಟಕಟಕ ಅಂದವು. ಆಮೇಲೆ ಆ ಅಂಟಿನ ವಾಸನೆಯ ಕೋಣೆಯಲ್ಲಿ ಅಮ್ಮ ಕೆಮ್ಮಿದಳು.

ಕಿವಿ ಮೇಜು ಹಿಡಿದುಕೊಂಡಳು. "ಆಯೋಗಕ್ಕೆ ಈಗಲೇ ಕಳಿಸಿ," ಅಂದಳು. "ಯಾರ ಅಪ್ಪಣೆಗೂ ಕಾಯಬೇಡಿ."

*

ಸಭೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಅಕ್ಕ ಮೈಕು ಜೋಡಿಸುತ್ತಿದ್ದಳು.

"ಒಪ್ಪಿಕೊಂಡನಾ ಅವನು?"

"ಟೆಸ್ಟ್ ಬರೆದಿದ್ದಾರೆ ಅಕ್ಕ, ಕಳ್ಳಬಾಗಿಲಿಗೆ. ಹೊಸಬರು ಅದನ್ನ ಬರೆಯಲ್ಲ, ಜಗಳಗಂಟ ಮೊದಲೇ ಬರೆಯಲ್ಲ. ಬರೆಯೋ ಹಿರಿಯರು ಕೆಲವರಿದ್ದಾರೆ. ಆದ್ರೆ ನನ್ನಂಥವರಿಗೆ ಏನು ಕೇಳಿಸುತ್ತೆ ಅನ್ನೋ ಪರೀಕ್ಷೆ? ಅದನ್ನ ಪ್ರತಿ ಸಲ ಎಲ್ಲರೂ ಮರೀತಾರೆ. ಪ್ರತಿ ಸಲ ಎಲ್ಲರಿಗೂ ಬೈದು ನೀವೇ ಸೇರಿಸ್ತೀರಿ. ನಾನು ಇಲ್ಲಿಗೆ ಬಂದಾಗಿನಿಂದ. ಇದರಲ್ಲೂ ಇದೆ."

ಮೈಕಿನ ತಂತಿ ನೆಲಕ್ಕೆ ಬಿತ್ತು.

"ಅಭ್ಯಾಸಬಲದಿಂದ ಬರೆದ್ರಾ?" ಕಿವಿ ಕೇಳಿದಳು. ಹೌದು ಅನ್ನಲಿ ಎಂದು ಒಳಗೊಳಗೇ ಬೇಡುತ್ತಿದ್ದಳು.

"ಇಲ್ಲ." ಅಕ್ಕನ ದನಿ ಇಳಿದಿತ್ತು. "ಕಣ್ಣಿರೋರು ಯಾರೂ ಅಲ್ಲಿ ಇಣುಕಲ್ಲ. ಯಂತ್ರ ಆ ಜಾಗದಲ್ಲಿ 'ಖಾಲಿ' ಅಂತ ಒಂದು ಮಾತು ಅಂದಿದ್ರೂ ನೀನು ಹಿಡೀತಿದ್ದೆ. ನಂಗೆ ಇದ್ದ ಭಯ ನೀನೊಬ್ಬಳೇ."

ಕಿವಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಅವಳಿಗಾಗಿ ಕಲಿತ ಕಾಳಜಿಯನ್ನೇ ಅಕ್ಕ ಅವಳ ಕಿವಿಗೆ ಬೆಣೆಯಾಗಿ ಹೊಡೆದಿದ್ದಳು.

"ಅದರಲ್ಲಿ ನಮ್ಮಮ್ಮ ಇದ್ದಾಳೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು." ಅಕ್ಕ ಹತ್ತಿರ ಬಂದಳು. "ಈ ಕಟ್ಟಡ, ಸರ್ವರ್ ಎಲ್ಲ ಯಾರದು ಹೇಳು? ಕಾರ್ಖಾನೆ ಯಜಮಾನರ ಟ್ರಸ್ಟಿನದು. ಹೇಳಿಕೆಗಳನ್ನ ಅಳಿಸಿ ಅಂದ್ರು. ಅವರು ಪ್ಲಗ್ ಕಿತ್ತರೆ ಇಷ್ಟೂ ಲೈಬ್ರರಿ ಬೀದಿಗೆ ಬೀಳ್ತಾವೆ. ಮನೆ ಉಳಿಸೋಕೆ ಒಂದು ಕೋಣೆ ಬಿಟ್ಟುಕೊಟ್ಟೆ, ಅಷ್ಟೇ."

"ಆ ಕೋಣೆಯೊಳಗೆ ಜನ ಇದ್ರು ಅಕ್ಕ. ಅವರ ಎದೆ ಸುಟ್ಟವರಿಗೇ ಕೀಲಿ ಕೊಟ್ಟು ಬಂದ್ರಿ."

ಸ್ಪೀಕರಿನಿಂದ ದನಿಗಳು ತೇಲಿ ಬಂದವು. "ನಮಸ್ಕಾರ ಅಕ್ಕ." "ಕೇಳಿಸ್ತಿದೆಯಾ?" "ಹೇಳಿಕೆಗಳು ಏನಾದ್ವು ಅಕ್ಕ?" ನೂರಾರು ಗ್ರಂಥಾಲಯಗಳ ಜನ ಒಬ್ಬೊಬ್ಬರಾಗಿ ಸೇರುತ್ತಿದ್ದರು.

ಅಕ್ಕ ಮೈಕಿಗೆ ಅಂಗೈ ಮುಚ್ಚಿದಳು. ಬಿಸಿ ಉಸಿರು ಕಿವಿಯ ಕೆನ್ನೆಗೆ ತಾಕಿತು. "ಜಗಳಗಂಟ ಮಾಡಿದ ಅನ್ನು. ಹೇಗೂ ಅವನಿಗೆ ಯಾರೂ ಇಲ್ಲ. ನೀನು ಅಂದ್ರೆ ಎಲ್ಲಾ ನಂಬ್ತಾರೆ. ನಾಯಕಿಯಾಗಿ ಹೇಳ್ತಿದ್ದೀನಿ ಮಗಾ, ಹೇಳು."

ಕಿವಿ ಕೈ ಚಾಚಿ ತಡವಿದಳು. ಅಕ್ಕನ ಬೆರಳುಗಳು ಸಿಕ್ಕವು. ಒಂದೊಂದಾಗಿ ಬಿಡಿಸಿ ಮೈಕನ್ನು ತನ್ನತ್ತ ಎಳೆದುಕೊಂಡಳು.

"ಹೇಳಲ್ಲ ಅಕ್ಕ," ಅಂದಳು, ಎಲ್ಲರಿಗೂ ಕೇಳುವಂತೆ. "ನೀವು ಮಾಡಿದ್ದನ್ನ ಇನ್ನೊಬ್ಬರ ಹೆಸರಿಗೆ ಹೇಳಲ್ಲ."