ಶೇಂಗಾ ಹಿಂಡಿಗೆ ಯಾವ ಮಿಕ್ಸರ್?

"ಇದ್ರಾಗ ಅರ್ಧಕ್ಕರ್ಧ ಲೇಖನ ತಗದ ಹಾಕಬೇಕಾಗತೈತ್ರಿ."

ಮನೆಗೆ ಕಾಲಿಟ್ಟು ಹತ್ತು ನಿಮಿಷವಾಗಿರಲಿಲ್ಲ. ಕೊಟ್ಟ ಚಹಾ ಇನ್ನೂ ಮುಟ್ಟಿರಲಿಲ್ಲ. ಆಗಲೇ ಆ ಹುಡುಗ ಈ ಮಾತು ಆಡಿಬಿಟ್ಟ!

ತ್ರಿಶಲಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬ್ಲಾಗು ತೆರೆದಿಟ್ಟಿದ್ದ ಲ್ಯಾಪ್‌ಟಾಪನ್ನು ಅವನ ಕಡೆ ಸರಿಸಿದಳು.

"ತಗೀರಿ."

ಈಗ ಗಾಬರಿಯಾಗುವ ಸರದಿ ಅವನದು. "ಅಲ್ರಿ... ಯಾಕ ಅಂತರ ಕೇಳ್ರಿ!"

"ಯಾಕ?" ಎಂದಳು, ಕೇಳು ಅಂದದ್ದಕ್ಕೆ.

ಪಡಸಾಲೆಯಲ್ಲಿ ಕೂತಿದ್ದ ಅವಳ ಅಪ್ಪ ಭೀಮಗೊಂಡರು ಮುಖ ಆಚೆ ತಿರುಗಿಸಿಕೊಂಡರು. ಅವ್ವ ಜಿನಮತಿ ತೀರಿಕೊಂಡು ಎಂಟು ತಿಂಗಳು. ಅಂದಿನಿಂದ ಮಗಳು ಹೀಗೇ. ಉಣ್ಣು ಎಂದರೆ ಉಣ್ಣುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅತ್ತರೆ ಹಗುರಾಗುತ್ತದೆ ಎಂದು ಸದಲಗಾದ ಓಣಿಯವರೆಲ್ಲ ಬಂದು ಹೇಳಿ ಹೋದರು. ಅಳುವೇ ಬಾರದವರು ಏನು ಮಾಡಬೇಕು? ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಬ್ಲಾಗು ತಾಯಿ ಮಗಳು ಸೇರಿ ಶುರು ಮಾಡಿದ್ದು. ಅವ್ವ ಮಿಕ್ಸರುಗಳನ್ನು ಪರೀಕ್ಷಿಸುವುದು, ಮಗಳು ಬರೆಯುವುದು. ಓದಿದವರು ಅಲ್ಲಿನ ಲಿಂಕ್ ಒತ್ತಿ ಕೊಂಡರೆ ಇವರಿಗೆ ಒಂದಿಷ್ಟು ಕಮಿಷನ್. ಅಫಿಲಿಯೇಟ್ ಬ್ಲಾಗ್ ಎನ್ನುತ್ತಾರೆ ಅದಕ್ಕೆ. ಅವ್ವನ ಪರೀಕ್ಷೆ ಒಂದೇ: ಜೈನರ ಮನೆಯ, ಬೆಳ್ಳುಳ್ಳಿ ಹಾಕದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ತರಿತರಿಯಾಗಿ ಪುಡಿಯಾದರೆ ಪಾಸು. ಎಣ್ಣೆ ಬಿಟ್ಟು ಮುದ್ದೆಯಾಯಿತೋ, ಎಷ್ಟೇ ದೊಡ್ಡ ಕಂಪನಿಯದಿರಲಿ, ನಪಾಸು!

ಒಂದು ಕಾಲಕ್ಕೆ ಕನ್ನಡದಲ್ಲಿ ಮಿಕ್ಸರ್ ಎಂದು ಹುಡುಕಿದರೆ ಗೂಗಲ್‌ನಲ್ಲಿ ಇವರೇ ಮೊದಲು. ಈಗ ಐದನೇ ಪುಟ. ಐದನೇ ಪುಟದ ತನಕ ಯಾರು ಹೋಗುತ್ತಾರೆ? ಹೆಂಡತಿಯ ಮಾತು ಯಾರಿಗೂ ಕೇಳದಂತಾಯಿತಲ್ಲ ಎಂಬುದೇ ಭೀಮಗೊಂಡರ ಸಂಕಟ. ಅದಕ್ಕೇ ಅಭಿನಂದನನನ್ನು ಕರೆಸಿದ್ದರು. ಕಾಗವಾಡದ ಹುಡುಗ, ನಿಪ್ಪಾಣಿಯಲ್ಲಿ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸು ಇಟ್ಟಿದ್ದ.

"ಒಂದ ಮಿಕ್ಸರ್ ಮ್ಯಾಲ ಹನ್ನೊಂದ ಲೇಖನ ಅದಾವ್ರಿ," ಎಂದ ಅವನು. "ಯಾವುದನ್ನ ಮುಂದ ಮಾಡಬೇಕು ಅಂತ ಗೂಗಲ್‌ಗೇ ತಿಳಿವಲ್ದು. ನಿಮ್ಮ ಲೇಖನಾನ ನಿಮ್ಮ ಲೇಖನದ ಕಾಲ ಜಗ್ಗಾಕತ್ತಾವ. ಒಂದ ವಿಷಯಕ್ಕ ಒಂದ ಪುಟ ಸಾಕ್ರಿ. ನಡುವ ಒಂದ ದೊಡ್ಡದು, ಸುತ್ತ ಸಣ್ಣ ಪುಟಗಳು, ಎಲ್ಲಾದರಿಂದನೂ ನಡುವಿನದಕ್ಕ ಲಿಂಕ್. ಅಲ್ಲಾ... ಹನ್ನೊಂದ ಸಲ ಯಾಕ ಬರದ್ರಿ?"

"ಅವ್ವ ಹಳೇದ ಅಳಸಗೊಡತಿರಲಿಲ್ಲ. ಮಿಕ್ಸರ್ ಆರ ತಿಂಗಳ ಬಿಟ್ಟ ಕೆಟ್ಟರ, ಹೊಸಾದ ಬರೀ ಅಂತಿದ್ಲು. ಹಳೇದ ತಿದ್ದಿದ್ರ ನಾವ ಮೊದಲ ಹಂಗ ಅಂದ ಇಲ್ಲ ಅಂತ ಸುಳ್ಳ ಹೇಳಿದಂಗ ಆಗತೈತಿ ಅಂತ."

ಅಭಿನಂದನ ಅವಳನ್ನೇ ನೋಡಿದ. ನಗಲಿಲ್ಲ. ನಕ್ಕಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು.

ಅಲ್ಲಿಂದ ಪ್ರತಿ ರವಿವಾರ ಬಂದ.

"ಹೊತ್ತ ಮುಳಗೂದ್ರಾಗ ಉಂಡ ಹೋಗು ತಮ್ಮಾ," ಎನ್ನುವರು ಭೀಮಗೊಂಡರು. ತ್ರಿಶಲಾ ರೊಟ್ಟಿ, ಮೊಸರು, ಹಿಂಡಿ ಬಡಿಸುವಳು. ಒಮ್ಮೆ ಭೀಮಗೊಂಡರು ತುತ್ತು ಬಾಯಿಗಿಟ್ಟು ಏನೋ ಹೇಳಹೊರಟರು. ಅಭಿನಂದನ ಅವರತ್ತ ಒಮ್ಮೆ ನೋಡಿ, ತಟ್ಟನೆ ತಾಟು ಮುಂದೆ ಮಾಡಿದ.

"ಇನ್ನಷ್ಟ ಹಿಂಡಿ ಹಾಕ್ರಿ."

ಅವನು ಬರುವ ದಿನ ತ್ರಿಶಲಾ ತಾನಾಗಿಯೇ ಜಡೆ ಹಾಕಿಕೊಳ್ಳತೊಡಗಿದ್ದಳು. ಯಾಕೆಂದು ಅವಳೇ ಕೇಳಿಕೊಂಡಿರಲಿಲ್ಲ. ನಾವೂ ಕೇಳುವುದು ಬೇಡ.

ದಿನಾ ಮಧ್ಯಾಹ್ನ ಅವಳು ಬ್ಲಾಗಿನ ಒಂದು ಪುಟ ತೆರೆಯುತ್ತಿದ್ದಳು. 'ಶೇಂಗಾ ಹಿಂಡಿಗೆ ಯಾವ ಮಿಕ್ಸರ್?' ಅವ್ವ ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಿ ಬರೆಸಿದ ಕೊನೆಯ ಲೇಖನ. ಓದುತ್ತಿರಲಿಲ್ಲ. ಇದೆಯಲ್ಲ ಎಂದು ನೋಡಿ ಮುಚ್ಚುತ್ತಿದ್ದಳು.

ಶ್ರಾವಣದ ಒಂದು ಮಧ್ಯಾಹ್ನ ಅದನ್ನು ಒತ್ತಿದರೆ ಬೇರೆ ಪುಟ ತೆರೆಯಿತು! ಜಾರುಗಳ ಅಳತೆಯ ಪಟ್ಟಿ. ಮತ್ತೆ ಒತ್ತಿದಳು. ಮತ್ತೆ ಜಾರುಗಳೇ.

ಅಭಿನಂದನನಿಗೆ ಫೋನ್ ಮಾಡಿದಳು. "ಅವ್ವನ ಪುಟ ಎಲ್ಲಿ?"

"ಸದ್ಯಕ್ಕ ಸರಿಸೇನ್ರಿ. ನಿಮಗ ಮೊದಲ ಹೇಳಬೇಕಾಗಿತ್ತು... ಕೆಲಸ ಮುಗೀಲಿ, ನಾನ..."

"ಇನ್ನ ಬರಬ್ಯಾಡ್ರಿ."

ಫೋನ್ ಇಟ್ಟಳು. ಬ್ಲಾಗಿನ ಪಾಸ್‌ವರ್ಡ್ ಬದಲಿಸಬೇಕೆಂದೂ ತೋಚಲಿಲ್ಲ. ಅದಕ್ಕೂ ಒಂದಿಷ್ಟು ಸಿಟ್ಟು ಬೇಕಲ್ಲ! ಅವ್ವ ಎರಡನೇ ಸಲ ಹೋದಳು ಎನ್ನಿಸಿತು. ಕಣ್ಣು ಮಾತ್ರ ಒಣಗಿಯೇ ಇತ್ತು. ಆಮೇಲೆ ಅವಳು ಬ್ಲಾಗಿನ ಕಡೆ ತಲೆ ಹಾಕಲಿಲ್ಲ. ರವಿವಾರಗಳು ಬಂದವು, ಹೋದವು. ಜಡೆ ಹಾಕಿಕೊಳ್ಳುವುದೂ ನಿಂತಿತು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿ ಬಂತು. ವರ್ಷದ ತಪ್ಪಿಗೆಲ್ಲ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ. ಈಗ ಕೇಳುವುದೂ ವಾಟ್ಸಾಪಿನಲ್ಲೇ. ಅದೇ ಹೂವಿನ ಚಿತ್ರ, ಅದೇ 'ಉತ್ತಮ ಕ್ಷಮಾ', ಜಗಳ ಆಡಿದವರಿಗೂ ಆಡದವರಿಗೂ ಒಂದೇ ಫಾರ್ವರ್ಡ್! ತ್ರಿಶಲಾಳ ಫೋನಿಗೂ ಎಂಬತ್ತು ಬಂದಿದ್ದವು. ನಡುವೆ ಅಭಿನಂದನನ ಹೆಸರು. 'ಉತ್ತಮ ಕ್ಷಮಾ' ಎಂಬ ಮೊದಲೆರಡು ಪದ ಕಂಡವು.

'ಇವನೂ ಎಲ್ಲರಂಗ...' ಎಂದುಕೊಂಡು ತೆರೆಯದೇ ಬಿಟ್ಟಳು.

ಮೂರು ವಾರದ ಮೇಲೆ ರಾಯಬಾಗದಿಂದ ಅವ್ವನ ಗೆಳತಿ ಸುಗಂಧಾ ಕಾಕುವಿನ ಫೋನ್ ಬಂತು.

"ಏ ತ್ರಿಶಲಾ! ಸೊಸಿಗಿ ಮಿಕ್ಸರ್ ತಗೊಳ್ಳೂಣು ಅಂತ ಹುಡಕಿದ್ರ ಎಲ್ಲಾರಕಿಂತ ಮ್ಯಾಲ ನಿಮ್ಮವ್ವ ಬಂದಾಳಲ್ಲ ಬೇ! 'ಮುದ್ದಿ ಆತಂದ್ರ ಅಂಗಡಿಯಾಂವಗ ತಿರಗಿ ಕೊಡ್ರಿ, ನಾಚಬ್ಯಾಡ್ರಿ' ಅಂದಾಳ. ಆಕಿನ ಮುಂದ ಕುಂತ ಹೇಳಿದಂಗಾತು..."

ಕಾಕು ಮಾತಾಡುತ್ತಿದ್ದಂತೆಯೇ ತ್ರಿಶಲಾ ಲ್ಯಾಪ್‌ಟಾಪ್ ತೆರೆದಳು.

ಗೂಗಲ್‌ನಲ್ಲಿ ಮೊದಲನೆಯದೇ ಅವ್ವನ ಪುಟ! ಮೇಲೆ ಅವಳು ಕೊನೆಗೆ ಬರೆಸಿದ್ದು. ಕೆಳಗೆ ಆ ಹನ್ನೊಂದು ಲೇಖನಗಳು, ತಾರೀಖಿನ ಸಮೇತ, ಒಂದೇ ಪುಟದಲ್ಲಿ. 'ಮೊದಲು ಹೀಗಂದಿದ್ದೆ', 'ಆರು ತಿಂಗಳ ಮೇಲೆ ಹೀಗನ್ನುತ್ತೇನೆ'... ಒಂದು ಅಕ್ಷರ ಅಳಿಸಿರಲಿಲ್ಲ. ಜಾರು, ಮೋಟಾರು, ಬ್ಲೇಡಿನ ಸಣ್ಣ ಪುಟಗಳನ್ನೆಲ್ಲ ತೆರೆದು ನೋಡಿದಳು. ಪ್ರತಿಯೊಂದರ ಕೊನೆಯಲ್ಲೂ ಒಂದೇ ಸಾಲು: 'ಮೊದಲ ಅವ್ವನ್ನ ಕೇಳ್ರಿ.' ಎಲ್ಲಿ ಒತ್ತಿದರೂ ತಿರುಗಿ ಅವ್ವನ ಹತ್ತಿರವೇ ಬರುತ್ತಿತ್ತು.

ಫೋನಿನಲ್ಲಿ ಅವನ ಸಂದೇಶ ತೆರೆದಳು.

'ಉತ್ತಮ ಕ್ಷಮಾ. ನಿಮ್ಮನ್ನ ಕೇಳದೇ ಅವ್ವನ ಪುಟಕ್ಕ ಕೈ ಹಚ್ಚಿದ್ದು ನನ್ನ ತಪ್ಪು. ಈಗ ಮುಗದೈತಿ, ಕೆಳಗ ಲಿಂಕ್ ಐತಿ. ಅವರ ಒಂದ ಮಾತೂ ಅಳಸಿಲ್ಲ. ನೀವ ಕರಿಯೂತನಕ ಸದಲಗಾಕ್ಕ ಬರಾಂಗಿಲ್ಲ.'

ಅಯ್ಯೋ, ಮೂರು ವಾರ!

ಅವ್ವನ ಕೊನೆಯ ಲೇಖನವನ್ನು ಅಂದು ಮೊದಲ ಸಲ ಪೂರ್ತಿ ಓದಿದಳು. ಕೊನೆಯ ಸಾಲು ಹೀಗಿತ್ತು: 'ಮಿಕ್ಸರಿಗೆ ಮಾರ್ಕು ಕೊಡೂಕಿಂತ ಮೊದಲ ಹಿಂಡಿ ಬಾಯಾಗ ಹಾಕ್ಕೊಂಡ ನೋಡ್ರಿ.'

ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

"ಅಪ್ಪಾ... ಹಿಂಡ್ಯಾಗ ಉಪ್ಪ ಇಲ್ಲ!"

ಭೀಮಗೊಂಡರು ಬಾಗಿಲಲ್ಲಿ ನಿಂತರು. "ನಿಮ್ಮವ್ವ ಹೋದಾಗಿಂದ ಇಲ್ಲವ್ವಾ. ಒಮ್ಮೆ ಹೇಳಾಕ ಹೋದೆ, ಆ ಹುಡುಗ ಕಣ್ಣಲೇ ಬ್ಯಾಡ ಅಂದ."

ಡಬ್ಬಿ ಹಿಡಿದುಕೊಂಡೇ ತ್ರಿಶಲಾ ನೆಲದ ಮೇಲೆ ಕುಸಿದಳು. ಅಷ್ಟು ತಿಂಗಳ ಅಳು ಒಮ್ಮೆಲೇ ಬಂತು. ಭೀಮಗೊಂಡರು ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ಕೂತು ತಾವೂ ಅತ್ತರು.

ಮರುದಿನ ಬೆಳಗ್ಗೆ ಅವಳು ಜಡೆ ಹಾಕಿಕೊಂಡು ನಿಪ್ಪಾಣಿಯ ಬಸ್ಸು ಹತ್ತಿದಳು.

ಆಫೀಸಿನ ಬಾಗಿಲಲ್ಲಿ ಅವಳನ್ನು ಕಂಡ ಅಭಿನಂದನ ಎದ್ದು ನಿಂತ.

"ಉತ್ತಮ ಕ್ಷಮಾ," ಎಂದಳು. "ಮೂರ ವಾರ ತಡಾ ಆತು."

"ಕ್ಷಮಾಕ್ಕ ತಡಾ ಅಂತ ಇರಾಂಗಿಲ್ರಿ..."

ಅವಳು ಮೇಜಿನ ಮೇಲೆ ಹೊಸದಾಗಿ ಮಾಡಿದ ಹಿಂಡಿಯ ಡಬ್ಬಿ ಇಟ್ಟಳು. ಅವನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ನೀರಿನ ಲೋಟಕ್ಕೆ ಕೈ ಚಾಚಿದ.

"ಏನಾತ್ರಿ?"

"ಉಪ್ಪ ಜಾಸ್ತಿ ಆಗೈತ್ರಿ."

ತ್ರಿಶಲಾಗೆ ನಗು ಬಂತು. ಎಷ್ಟು ದಿನವಾಗಿತ್ತೋ! "ಉಪ್ಪ ಇಲ್ಲದಾಗ ಬಾಯಿ ಬಿಡಲಿಲ್ಲ. ಈಗ ಯಾಕ ಹೇಳ್ತೀರಿ?"

"ಆಗ ಹೇಳಿದ್ರ ನಿಮಗ ಮುಟ್ಟತಿರಲಿಲ್ರಿ. ಈಗ ಮುಟ್ಟತೈತಿ." ತಲೆ ತಗ್ಗಿಸಿದ. "ಇನ್ನೊಂದ ಮಾತ ಐತಿ. ಈ ಹಿಂಡಿ ಜನ್ಮಪೂರ್ತಿ ಉಣ್ಣೂ ಆಸೆ ನಂದು. ಉಪ್ಪ ಇರಲಿ, ಬಿಡಲಿ."

ಅವಳ ಕಣ್ಣು ಮತ್ತೆ ತುಂಬಿ ಬಂತು. ಒರೆಸಿಕೊಳ್ಳಲಿಲ್ಲ.

"ನೋಡ್ರಿ, ನಮ್ಮ ಮನ್ಯಾಗ ಒಮ್ಮೆ ಅಂದದ್ದನ್ನ ಅಳಸಾಂಗಿಲ್ಲ."

"ಬೇಕಾದ್ರ ಹನ್ನೊಂದ ಸಲ ಹೇಳ್ತೇನ್ರಿ!"

"ಬ್ಯಾಡ. ಒಂದ ವಿಷಯಕ್ಕ ಒಂದ ಪುಟ ಸಾಕು ಅಂದಾವ್ರು ನೀವ." ಡಬ್ಬಿಯ ಮುಚ್ಚಳ ಹಾಕಿ ಅವನ ಕೈಗಿಟ್ಟಳು. "ರವಿವಾರ ಬರ್ರಿ. ಅಪ್ಪನ ಮುಂದ ಒಂದ ಸಲ ಹೇಳ್ರಿ, ಸಾಕು."