ಕಣ್ಮರೆಯಾದ ಝಡ್ ಡ್ರೈವ್

ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಝಡ್ ಡ್ರೈವ್ ಇತ್ತು. ಒಂಬತ್ತೂಕಾಲಿಗೆ ಇರಲಿಲ್ಲ!

ಕೃತಕ ಕಾಲು ತಯಾರಿಸುವ ಆ ಕಾರ್ಯಾಗಾರದಲ್ಲಿ ಹನ್ನೊಂದು ವರ್ಷದಿಂದ ಬಂದವರ ಅಳತೆ ತೆಗೆಯುತ್ತಿದ್ದವಳು ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ಅಳತೆಯಕ್ಕ. ಎರಡು ಸಾವಿರದ ನಾನೂರು ಜನರ ಅಳತೆಗಳು ಹಿಂದಿನ ಕೋಣೆಯ ಸರ್ವರಿನಲ್ಲಿದ್ದವು. ಅಕ್ಕನ ಕಂಪ್ಯೂಟರಿನಿಂದ ಅಲ್ಲಿಗೆ ಹೋಗಲು ಮಾಡಿಕೊಟ್ಟ ದಾರಿಗೇ ಝಡ್ ಡ್ರೈವ್ ಎಂದು ಹೆಸರು.

ಅಂದು ಬೆಳಿಗ್ಗೆ ಅಕ್ಕ ಝಡ್ ತೆರೆದು, ದಿನದ ಮೊದಲ ಹೆಸರು ನೋಡಿಕೊಂಡಳು. ಆಮೇಲೆ ಕಾಲಿನ ಅಚ್ಚು ಬರೆಯುವ ಪ್ರೋಗ್ರಾಮಿನ ಮೇಲೆ ಒತ್ತಿದಳು. ಪರದೆ ಒಮ್ಮೆ ಮಂಕಾಯಿತು. ಏನೋ ಕೇಳಿತು. ‘ಹೌದು’ ಎಂದು ಒತ್ತಿದಳು. ಕಂಪ್ಯೂಟರ್ ಕೇಳುವುದನ್ನೆಲ್ಲ ಓದುತ್ತ ಕೂತರೆ ಕೆಲಸ ಸಾಗುವುದುಂಟೇ? ಪ್ರೋಗ್ರಾಮ್ ತೆರೆಯಿತು. ಅದರೊಳಗಿಂದಲೇ ಫೈಲು ಹುಡುಕಿದಳು — ಸಿ ಇದೆ, ಡಿ ಇದೆ. ಝಡ್?

“ಅಯ್ಯೋ, ಝಡ್ ಇಲ್ಲ!” ಎಂದು ಕೂಗಿದಳು.

ಕೂಗು ಕೇಳಿ ಯಜಮಾನರು ಬಂದರು. ಪರದೆ ನೋಡಿದವರೇ ಕೆಂಡಾಮಂಡಲವಾದರು.

“ನಿನ್ನೆ ಹಳೇ ಫೋಲ್ಡರ್ ಅಳಿಸ್ತಾ ಇದ್ರಿ ಅಲ್ವಾ?”

“ನೀವೇ ಹೇಳಿದ್ರಲ್ಲ ಸಾರ್. ಬರೀ ಎರಡು ಅಳಿಸಿದೆ, ಖಾಲಿಯವು. ಝಡ್ಡನ್ನ ಈಗ ತಾನೇ ನೋಡಿದೀನಿ, ಐದು ನಿಮಿಷ ಆಗಿಲ್ಲ.”

“ಐದು ನಿಮಿಷದ ಹಿಂದೆ ಇದ್ದದ್ದು ಈಗ ಹಾರಿಹೋಯ್ತಾ? ಹೋದ ವಾರ ಕನ್ನಡಕ ತಲೆ ಮೇಲಿಟ್ಟುಕೊಂಡು ಊರೆಲ್ಲ ಹುಡುಕಿದ್ರಿ. ನೋಡಿ ಅಕ್ಕ, ನಿಮಗೂ ವಯಸ್ಸಾಯ್ತು. ನಾಳೆಯಿಂದ ಮುಂದಿನ ಮೇಜಲ್ಲಿ ಕೂತು ಫೋನ್ ನೋಡ್ಕೊಳ್ಳಿ. ಅಳತೆ ಬೇರೆ ಯಾರಾದ್ರೂ ತೆಗೀಲಿ.”

ಅಷ್ಟು ಹೇಳಿ ಪರದೆ ಆರಿಸಿ, ಯಾರೂ ಮುಟ್ಟಕೂಡದೆಂದು ಕುರ್ಚಿಯನ್ನು ಮೇಜಿಗೆ ಅಡ್ಡವಿಟ್ಟರು. ಕೊಲೆಯಾದ ಕೋಣೆಗೂ ಅಷ್ಟು ಬಂದೋಬಸ್ತು ಇರುವುದಿಲ್ಲ!

ಅಕ್ಕ ಬೆಂಚಿನ ತುದಿಯಲ್ಲಿ ಕೂತಳು. ಅವಳಮ್ಮ ಕೊನೆಕೊನೆಗೆ ಮಗಳನ್ನೇ ‘ನೀನು ಯಾರಮ್ಮಾ?’ ಎಂದು ಕೇಳುತ್ತಿದ್ದಳು. ಅದೂ ಶುರುವಾದದ್ದು ಹೀಗೇ — ಇಟ್ಟದ್ದು ಇಟ್ಟಲ್ಲಿ ಇಲ್ಲ, ನೋಡಿದ್ದು ನೋಡಿಲ್ಲ. ಕೆಲಸ ಹೋದರೆ ಹೋಗಲಿ. ತಲೆಯೇ ಕೈ ಕೊಟ್ಟರೆ? ನಿಜಕ್ಕೂ ಝಡ್ ನೋಡಿದೆನೇ, ಅಥವಾ ನೋಡಿದೆನೆಂದು ಅಂದುಕೊಂಡೆನೇ? ಯೋಚಿಸಿದಷ್ಟೂ ಅವಳಿಗೆ ಅಳು ಒತ್ತರಿಸಿ ಬಂತು.

ಹನ್ನೊಂದಕ್ಕೆ ತಂತಿಯಮ್ಮ ಬಂದಳು. ಬೀದಿಯ ಅರ್ಧ ಅಂಗಡಿಗಳ ಕಂಪ್ಯೂಟರ್ ರಿಪೇರಿ ಅವಳದೇ. ಹೆಗಲ ಮೇಲೆ ಸದಾ ಒಂದು ಸುತ್ತು ತಂತಿ. ಯಜಮಾನರು ಆರೋಪಪಟ್ಟಿ ಓದತೊಡಗಿದರು. ಅವಳು ಕೈಯೆತ್ತಿ ತಡೆದಳು.

“ನೀವಿರಿ ಸಾರ್. ಅಕ್ಕ, ನೀವು ಹೇಳಿ. ಬೆಳಿಗ್ಗೆ ಏನೇನು ನೋಡಿದ್ರಿ?”

“ಈಗ ನನ್ನ ಮೇಲೆ ನನಗೇ ನಂಬಿಕೆ ಇಲ್ಲಮ್ಮ...”

“ನನಗಿದೆ. ಹೇಳಿ.”

ಅಕ್ಕ ಒಂದೊಂದಾಗಿ ಹೇಳಿದಳು.

“ಪರದೆ ಮಂಕಾಯ್ತು ಅಂದ್ರಲ್ಲ — ದಿನಾ ಆಗುತ್ತಾ?”

“ಇಲ್ಲ... ಇವತ್ತೇ ಮೊದಲು.”

“ದಿನಾ ಆಗೋದು ಏನಾದ್ರೂ ಇವತ್ತು ಆಗದೆ ಇತ್ತಾ?”

ಅಕ್ಕ ಯೋಚಿಸಿದಳು. “ಹೂಂ. ಆ ಪ್ರೋಗ್ರಾಮ್ ತೆಗೆದಾಗಲೆಲ್ಲ ‘ಸೆಟ್ಟಿಂಗ್ ಉಳಿಸಲು ನಿಮಗೆ ಅನುಮತಿ ಇಲ್ಲ’ ಅಂತ ಗೊಣಗೋದು. ಇವತ್ತು ಗೊಣಗಲೇ ಇಲ್ಲ.”

“ಅದು ಇನ್ನು ಗೊಣಗಲ್ಲ ಬಿಡಿ ಅಕ್ಕ,” ಎಂದ ಬಾಗಿಲಲ್ಲಿ ನಿಂತಿದ್ದ ಸುಣ್ಣಣ್ಣ. ಪ್ಲಾಸ್ಟರಿನಲ್ಲಿ ಅಚ್ಚು ಎರೆಯುವವನು. ತಲೆಯಿಂದ ಕಾಲಿನವರೆಗೆ ಬಿಳಿ.

“ಅನುಮತಿ ಗಿನುಮತಿ ಆಮೇಲೆ!” ಯಜಮಾನರು ರೇಗಿದರು. “ಹನ್ನೊಂದು ವರ್ಷದ ಅಳತೆ ಎಲ್ಲಿ?”

ತಂತಿಯಮ್ಮ ಅಡ್ಡವಿದ್ದ ಕುರ್ಚಿಯನ್ನು ನೇರ ಮಾಡಿ ಕೂತಳು. ಪರದೆ ಹೊತ್ತಿಸಿ, ಪ್ರೋಗ್ರಾಮನ್ನು ಹಾಗೇ ಬಿಟ್ಟು, ಪಕ್ಕದಲ್ಲಿ ಮಾಮೂಲಿ ಫೋಲ್ಡರ್ ಕಿಟಕಿ ತೆರೆದಳು. ಸಿ. ಡಿ. ಝಡ್!

ಯಜಮಾನರು ಇಂಗು ತಿಂದ ಮಂಗನಂತಾದರು.

“ಎಲ್ಲಾ ಇದೆ. ಎರಡು ಸಾವಿರದ ನಾನೂರ ಆರು ಜನ. ಅಕ್ಕ ನೋಡಿದ್ದು ನಿಜ. ಪ್ರೋಗ್ರಾಮಲ್ಲಿ ಕಾಣಲಿಲ್ಲ ಅಂದದ್ದೂ ನಿಜ.”

“ಒಂದೇ ಕಂಪ್ಯೂಟರು. ಇಲ್ಲಿ ಇದೆ, ಅಲ್ಲಿ ಇಲ್ಲ. ಹೇಗಮ್ಮ?” ಎಂದರು ಯಜಮಾನರು.

“ಕಂಪ್ಯೂಟರ್ ಒಂದೇ. ಕೂತವರು ಇಬ್ಬರು,” ತಂತಿಯಮ್ಮ ನಕ್ಕಳು. “ಫೋಲ್ಡರ್ ನೋಡುವಾಗ ಇವರು ನಮ್ಮ ಅಳತೆಯಕ್ಕ. ಪ್ರೋಗ್ರಾಮ್ ತೆಗೆಯುವಾಗ ಪರದೆ ಮಂಕಾಯ್ತಲ್ಲ, ಆಗ ಅದು ಕೇಳಿದ್ದು ‘ಅಡ್ಮಿನಿಸ್ಟ್ರೇಟರ್ ಆಗಿ ನಡೆಸಲಾ?’ ಅಂತ. ಹೌದು ಅಂದ್ರು. ಆಗ ಅಕ್ಕನ ಜಾಗದಲ್ಲಿ ದೊಡ್ಡ ಅಧಿಕಾರಿ ಬಂದು ಕೂತ ಹಾಗೆ. ಅಧಿಕಾರಿಗೆ ಎಲ್ಲ ಬೀಗ ತೆಗೆಯೋ ಹಕ್ಕಿದೆ. ಆದರೆ ಝಡ್ ಅನ್ನೋ ದಾರಿ ಮಾಡಿಕೊಟ್ಟಿದ್ದು ಅಕ್ಕನಿಗೆ. ಅಧಿಕಾರಿಗೆ ಆ ದಾರಿಯೇ ಗೊತ್ತಿಲ್ಲ.”

“ಹಕ್ಕು ಜಾಸ್ತಿಯಾದ್ರೆ ಕಣ್ಣು ಕಾಣಲ್ಲ ಅನ್ನು,” ಎಂದು ಅಕ್ಕ ಮೆಲ್ಲಗೆ ಅಂದಳು. ಯಜಮಾನರ ಕಡೆ ನೋಡದೆಯೇ ಅಂದಳು.

“ಮತ್ತೆ ಇವತ್ತೇ ಯಾಕೆ ಕೇಳ್ತು?” ಯಜಮಾನರು ಪಟ್ಟು ಬಿಡಲಿಲ್ಲ.

“ಈ ಪ್ರೋಗ್ರಾಮ್ ಯಾವಾಗಲೂ ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಲಿ ಅಂತ ಯಾರೋ ಟಿಕ್ ಹಾಕಿದ್ದಾರೆ. ನಿನ್ನೆ ತನಕ ಗೊಣಗ್ತಿತ್ತು ಅಂದ್ರೆ, ಹಾಕಿದ್ದು ನಿನ್ನೆ ಸಂಜೆ, ಅಕ್ಕ ಮನೆಗೆ ಹೋದ ಮೇಲೆ. ಯಾರು ಅಂತ ಇಲ್ಲೇ ಒಬ್ಬರು ಹೇಳಿಬಿಟ್ಟರು, ನೀವು ಕೂಗಾಡ್ತಾ ಇದ್ದದ್ದರಲ್ಲಿ ಕೇಳಿಸಲಿಲ್ಲ. ಗೊಣಗಾಟ ಇವತ್ತು ಬರಲಿಲ್ಲ ಅಂತ ಅಕ್ಕನಿಗೆ ಗೊತ್ತು. ಇನ್ನು ಮುಂದೆ ಬರಲ್ಲ ಅಂತ ಗೊತ್ತಿರೋದು ಯಾರಿಗೆ? ನಿಲ್ಲಿಸಿದವರಿಗೆ ತಾನೇ — ಏನು ಸುಣ್ಣಣ್ಣ?”

ಸುಣ್ಣಣ್ಣ ನಾಲಿಗೆ ಕಚ್ಚಿಕೊಂಡ. ಪ್ಲಾಸ್ಟರಿನ ಬಿಳಿಯ ಕೆಳಗೂ ಮುಖ ಬಿಳಿಚಿಕೊಂಡದ್ದು ಕಾಣಿಸಿತು.

“ಅಕ್ಕ... ನಾನೇ. ಆ ಗೊಣಗಾಟ ಬಂದಾಗಲೆಲ್ಲ ನೀವು ಸಾರನ್ನ ಕೇಳೋದು, ಅವರು ರೇಗೋದು... ನೋಡೋಕಾಗ್ತಿರಲಿಲ್ಲ. ಫೋನಲ್ಲಿ ಹುಡುಕಿದೆ. ಹೀಗೆ ಮಾಡಿದ್ರೆ ಸರಿಹೋಗುತ್ತೆ ಅಂತಿತ್ತು. ಅದಕ್ಕೂ ಝಡ್‌ಗೂ ಸಂಬಂಧ ಇದೆ ಅಂತ ನನ್ನಾಣೆ ಗೊತ್ತಿರಲಿಲ್ಲ.”

ಯಜಮಾನರು ಬಾಯಿ ತೆರೆದರು. ಅಕ್ಕ ಎದ್ದು ನಿಂತಳು.

“ಅವನನ್ನ ಏನೂ ಅನ್ನಬೇಡಿ. ಹನ್ನೊಂದು ವರ್ಷದಲ್ಲಿ ನನ್ನ ತೊಂದರೆ ಕಂಡು ಒಬ್ಬನಾದ್ರೂ ಕೈಹಾಕಿದನಲ್ಲ! ನೀವು ಏನು ಅಳಿಸಿದ್ರಿ ಅಂತ ಕೇಳಿದ್ರಿ. ಈಯಮ್ಮ ಏನು ನೋಡಿದ್ರಿ ಅಂತ ಕೇಳಿದಳು. ಅಷ್ಟೇ ವ್ಯತ್ಯಾಸ ಸಾರ್.”

ತಂತಿಯಮ್ಮ ಆ ಟಿಕ್ ತೆಗೆದಳು. ಸೆಟ್ಟಿಂಗ್ ಉಳಿಸುವ ಒಂದು ಫೋಲ್ಡರಿಗೆ ಮಾತ್ರ ಅಕ್ಕನ ಹೆಸರಿನಲ್ಲಿ ಅನುಮತಿ ಕೊಟ್ಟಳು. ಪ್ರೋಗ್ರಾಮನ್ನು ಮುಚ್ಚಿ ಮತ್ತೆ ತೆರೆದಳು. ಪರದೆ ಮಂಕಾಗಲಿಲ್ಲ, ಗೊಣಗಾಟವೂ ಇಲ್ಲ. ಝಡ್ ತನ್ನ ಜಾಗದಲ್ಲಿ ತೆಪ್ಪಗೆ ಕೂತಿತ್ತು.

“ತಪ್ಪಾಯ್ತು ಅಕ್ಕ,” ಯಜಮಾನರ ದನಿ ಇಳಿದಿತ್ತು. “ಬನ್ನಿ, ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ.”

ಅಕ್ಕ ಕೂರಲಿಲ್ಲ. ಬೆಳಗಿನ ಭಯ ಇನ್ನೂ ಪೂರ್ತಿ ಇಳಿದಿರಲಿಲ್ಲ. ಪರದೆಗೆ ಬೆನ್ನು ಮಾಡಿ ನಿಂತಳು.

“ಸುಣ್ಣಣ್ಣ, ಯಾವುದಾದ್ರೂ ಒಂದು ಹೆಸರು ತೆಗಿ. ನನಗೆ ತೋರಿಸಬೇಡ.”

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ತಂತಿಯಮ್ಮ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತು ಒತ್ತಿದ. “ಅಂಚೆ ಹಂಚೋರು. ಬಲಗಾಲು.”

“ಮಂಡಿ ಕೆಳಗೆ. ಸುತ್ತಳತೆ ಮೂವತ್ತೊಂದೂವರೆ ಸೆಂಟಿಮೀಟರ್.”

ಸುಣ್ಣಣ್ಣ ತಡವರಿಸಿದ. “ಇಲ್ಲಿ... ಮೂವತ್ಮೂರು ಅಂತಿದೆ ಅಕ್ಕ.”

ಅಕ್ಕ ಕಣ್ಣು ಮುಚ್ಚಿದಳು.

“ಅದು ಮೊದಲನೇ ಸಲದ್ದು. ಆಮೇಲೆ ಅವರು ಕಾಯಿಲೆ ಬಿದ್ದು ಸೊರಗಿದ್ರು. ಕೆಳಗೆ ಇಳಿಸಿ ನೋಡು.”

ಸುಣ್ಣಣ್ಣ ಇಳಿಸಿದ. ಗಟ್ಟಿಯಾಗಿ ಓದಿದ:

“ಎರಡನೇ ಅಳತೆ. ಮೂವತ್ತೊಂದೂವರೆ.”

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸರಿ, ಏಳು ಮೇಲೆ,” ಎಂದಳು ಅವನಿಗೆ, “ಕುರ್ಚಿಯೆಲ್ಲ ಬಿಳಿ ಮಾಡಿದೀಯ.”