ಎರವಲು ಬಂದ ಡೋಲು

ಗಾಜಿನ ಪೆಟ್ಟಿಗೆ ಖಾಲಿಯಾಗಿತ್ತು. ಬೀಗ ಮುರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಪೆಟ್ಟಿಗೆಯ ಬುಡದಲ್ಲಿ ನೆಲದ ಮೇಲೆ ಒಂದು ಕಲೆ ಮಾತ್ರ ಇತ್ತು. ಬಗ್ಗಿ ಮೂಸಿದರೆ ರಮ್ಮಿನ ಘಾಟು.

ಕ್ಯಾರಿಯಾಕೂ ದ್ವೀಪದ ಪುಟ್ಟ ಮ್ಯೂಸಿಯಂ. ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಸಾರ್ಜೆಂಟ್ ಆಲ್ಬನ್ ಬೆಡೊ ಟೋಪಿ ತೆಗೆದು ಬೆವರು ಒರೆಸಿಕೊಂಡ. ಬೆಳಿಗ್ಗೆ ಸರಿಯಾಗಿ ತಿಂದೂ ಇರಲಿಲ್ಲ. ದೊಡ್ಡಮ್ಮ ಬಡಿಸಿದ ಮೆಕ್ಕೆಜೋಳದ ಮುದ್ದೆ ಬರೀ ಸಪ್ಪೆ. "ಉಪ್ಪು ಮರೆತಿದ್ದೀಯಲ್ಲ," ಎಂದರೆ, "ವಯಸ್ಸಾಯ್ತು ಕಣಪ್ಪ," ಎಂದು ಒಳಗೆ ಹೋಗಿದ್ದಳು. ಎಂಬತ್ತು ದಾಟಿದ ಜೀವ, ಮರೆಯದೆ ಇನ್ನೇನು?

ಕಳುವಾದದ್ದು ಒಂದು ಡೋಲು. ರಮ್ಮಿನ ಪೀಪಾಯಿಗೆ ಆಡಿನ ಚರ್ಮ ಬಿಗಿದು ಮಾಡಿದ್ದು. ತೊಂಬತ್ತು ವರ್ಷದ ಹಿಂದೆ, ಇಂಗ್ಲಿಷರ ಕಾಲದಲ್ಲಿ, ಮ್ಯಾಜಿಸ್ಟ್ರೇಟನೊಬ್ಬ ಇದೇ ಊರಲ್ಲಿ ಅದನ್ನು ಜಪ್ತಿ ಮಾಡಿ ತನ್ನ ದೇಶಕ್ಕೆ ಒಯ್ದಿದ್ದ. ಈಗ ಅಲ್ಲಿಯ ಸಂಗ್ರಹಾಲಯ ದೊಡ್ಡ ಮನಸ್ಸು ಮಾಡಿ ಎರಡು ವಾರದ ಮಟ್ಟಿಗೆ ಎರವಲು ಕೊಟ್ಟಿತ್ತು. ನಮ್ಮ ಸ್ವತ್ತನ್ನೇ ನಮಗೆ ಎರವಲು ಕೊಡುವವರ ಔದಾರ್ಯಕ್ಕೆ ಏನನ್ನೋಣ? ಇವತ್ತು ನಾಲ್ಕು ಗಂಟೆಯ ಹಡಗಿನಲ್ಲಿ ಅದು ವಾಪಸು ಹೋಗಬೇಕಿತ್ತು.

"ನಾಲ್ಕರೊಳಗೆ ಡೋಲು ಸಿಗದಿದ್ದರೆ ಇನ್ನು ಈ ದ್ವೀಪಕ್ಕೆ ಒಂದು ಗುಂಡುಸೂಜಿಯೂ ಬರೋದಿಲ್ಲ," ಎಂದ ಡೋಲಿನ ಜೊತೆ ಲಂಡನ್ನಿನಿಂದ ಬಂದಿದ್ದ ಪೆಲ್ ಸಾಹೇಬ. "ಕೀಲಿ ಯಾರ ಹತ್ತಿರ ಇತ್ತೋ ಅವರನ್ನ ಒಳಗೆ ಹಾಕಿ."

ಕೀಲಿ ಗೊಂಚಲು ಇದ್ದದ್ದು ಎರಡು. ಒಂದು ಮ್ಯೂಸಿಯಂ ನೋಡಿಕೊಳ್ಳುವ ಕೆಯೆನ್ ಮೇಷ್ಟ್ರ ಕೊರಳಲ್ಲಿ. ಇನ್ನೊಂದು, ಡೋಲಿನ ಕಾವಲಿಗೆ ಸಹಿ ಹಾಕಿದ್ದ ಆಲ್ಬನ್‌ನ ಸಮವಸ್ತ್ರದ ಬೆಲ್ಟಿನಲ್ಲಿ. ಅವನು ಮುಟ್ಟಿ ನೋಡಿಕೊಂಡ. ಭದ್ರವಾಗಿತ್ತು.

"ಮೇಷ್ಟ್ರೇ, ಡೋಲು ಕೊನೆಗೆ ನೋಡಿದ್ದು ಯಾವಾಗ?"

"ಶನಿವಾರ ಸಂಜೆ. ಭಾನುವಾರ ರಜೆ ಅಲ್ವೇನಪ್ಪ?"

"ಭಾನುವಾರ ಕುಡಿದಿದ್ರಾ?"

ಮೇಷ್ಟ್ರು ತಲೆ ತಗ್ಗಿಸಿದರು. ಆಲ್ಬನ್‌ಗೆ ಅಕ್ಷರ ತಿದ್ದಿಸಿದವರು ಅವರೇ. "ಕುಡೀತೀನಿ, ಊರಿಗೆಲ್ಲ ಗೊತ್ತಿರೋ ವಿಷ್ಯ. ಆದ್ರೆ ಮನೇಲಿ. ಈ ಕೋಣೆಗೆ ನಾನು ಚಪ್ಪಲಿ ಕೂಡ ಹಾಕ್ಕೊಂಡು ಬರಲ್ಲ ಆಲ್ಬನ್."

"ಮತ್ತೆ ರಮ್ ಇಲ್ಲಿಗೆ ಹೇಗೆ ಬಂತು?"

"ಗೊತ್ತಿದ್ರೆ ಹೇಳ್ತಿರಲಿಲ್ವಾ?"

ಕಾನ್‌ಸ್ಟೇಬಲ್ ಮೆಲ್ವಾ ಸಾರ್ಜೆಂಟನನ್ನು ಆಚೆ ಕರೆದಳು. "ಸರ್, ಇವರಲ್ಲ. ಕುಡಿಯೋರು ರಮ್ಮನ್ನ ನೆಲಕ್ಕೆ ಚೆಲ್ತಾರಾ? ಒಂದು ತೊಟ್ಟೂ ಬಿಡಲ್ಲ."

ಇನ್ನೊಬ್ಬನ ಮೇಲೆ ಅನುಮಾನವಿತ್ತು — ಎದುರಿನ ಅಂಗಳದಲ್ಲಿ ದೋಣಿ ಕಟ್ಟುವ ಲಿಯೋ. ಊರಿನ ಡೋಲುಗಾರ. ಡೋಲು ಹೋಗುವುದಾದರೆ ತನ್ನ ಹೆಣದ ಮೇಲೆ ಹೋಗಲಿ ಎಂದು ಶನಿವಾರ ಸಂತೆಯಲ್ಲಿ ಕೂಗಾಡಿದ್ದ.

"ನೀನೇ ಕದ್ದೆಯಾ?"

"ನಾನು ಕದ್ದಿದ್ರೆ ಬಾರಿಸದೆ ಸುಮ್ನೆ ಇರ್ತಿದ್ನಾ? ಇಷ್ಟೊತ್ತಿಗೆ ಊರಿಗೆಲ್ಲ ಕೇಳಿಸಿರೋದು."

"ನಿನ್ನೆ ಈ ಕಡೆ ಯಾರನ್ನಾದ್ರೂ ನೋಡಿದ್ಯಾ?"

"ನಿಮ್ಮಂಥ ಪುಣ್ಯವಂತರೆಲ್ಲ ಚರ್ಚಲ್ಲಿದ್ರಿ. ನಾನೊಬ್ಬ ಪಾಪಿ ದೋಣಿಗೆ ಅರಗು ಬಳೀತಾ ಇದ್ದೆ. ನರಪಿಳ್ಳೆ ಇರಲಿಲ್ಲ." ಲಿಯೋ ಹಲ್ಲು ಕಿರಿದ. "ನಿಮ್ಮ ದೊಡ್ಡಮ್ಮ ಬಟ್ಟೆ ಬುಟ್ಟಿ ಹೊತ್ಕೊಂಡು ಹೋಗ್ತಿದ್ರು. ಹಿಡಿದು ಒಳಗೆ ಹಾಕ್ತೀರಾ?"

ಮೆಲ್ವಾ ನಕ್ಕಳು. ಆಲ್ಬನ್ ಕೂಡ ನಕ್ಕ.

ಮಧ್ಯಾಹ್ನದ ಹೊತ್ತಿಗೆ ಪೆಲ್ ಸಾಹೇಬನ ಕಾಟ ತಡೆಯದೆ ಮೇಷ್ಟ್ರನ್ನು ಲಾಕಪ್ಪಿಗೆ ಹಾಕಬೇಕಾಯಿತು. ಕಂಬಿಯ ಹಿಂದೆ ಅವರು ಗೋಡೆಗೆ ಮುಖ ಮಾಡಿ ಕುಳಿತರು. ಆಲ್ಬನ್‌ಗೆ ಆ ಬೆನ್ನು ನೋಡಲಾಗಲಿಲ್ಲ.

ಎರಡು ಗಂಟೆಗೆ ಮೆಲ್ವಾ ತನ್ನ ಬುತ್ತಿ ಬಿಚ್ಚಿ ಹುರಿದ ಮೀನು ಮುಂದಿಟ್ಟಳು. "ತಿನ್ನಿ ಸರ್. ಉಪ್ಪು ಸ್ವಲ್ಪ ಮುಂದಾಗಿದೆ, ಬೈಕೋಬೇಡಿ."

ತುತ್ತು ಬಾಯಿಗೆ ಹೋಗಲಿಲ್ಲ. ಆಲ್ಬನ್ ಕೈಯಲ್ಲಿದ್ದದ್ದನ್ನು ಹಾಗೇ ಕೆಳಗಿಟ್ಟ.

"ಏನಾಯ್ತು ಸರ್?"

"ಜೀಪು ತೆಗಿ. ನಮ್ಮನೆಗೆ."

ದೊಡ್ಡಮ್ಮ ಎಸ್ಟೀನಾ ತನ್ನ ಕೋಣೆಯಲ್ಲಿ ಅಚ್ಚ ಬಿಳಿಯ ಉಡುಪು ತೊಟ್ಟು, ತಲೆಗೆ ಬಿಳಿ ಬಟ್ಟೆ ಕಟ್ಟಿ ಕುಳಿತಿದ್ದಳು. ಮೇಜಿನ ಮೇಲೆ ಹಿರಿಯರ ಎಡೆ — ಮುದ್ದೆ, ತೊಗರಿಕಾಳಿನ ಅನ್ನ, ಬೇಯಿಸಿದ ಕೋಳಿ, ಒಂದು ಲೋಟ ನೀರು, ಒಂದು ಲೋಟ ರಮ್. ಪಕ್ಕದಲ್ಲಿ ಡೋಲು.

"ಬಂದ್ಯಾ? ಇಷ್ಟು ಹೊತ್ತು ಬೇಕಾಯ್ತಾ ನಿಂಗೆ?" ಎಂದಳು.

ಆಲ್ಬನ್ ಮೆಲ್ವಾಳ ಕಡೆ ತಿರುಗಿದ. ದೊಡ್ಡಮ್ಮನ ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. "ಎಲ್ಲ ಕಣ್ಣೆದುರಿಗೇ ಇತ್ತು ಮೆಲ್ವಾ. ನೆಲದ ಮೇಲಿನ ರಮ್ ಕುಡಿಯೋಕೆ ತಂದಿದ್ದಲ್ಲ, ಹಿರಿಯರ ಅಪ್ಪಣೆ ಕೇಳಿ ಎರೆದದ್ದು. ಲಿಯೋ ಬಟ್ಟೆ ಬುಟ್ಟಿ ಅಂದ. ನನ್ನ ದೊಡ್ಡಮ್ಮ ಭಾನುವಾರ ಬಟ್ಟೆ ಮುಟ್ಟಿದ್ದನ್ನ ಈ ಜನ್ಮದಲ್ಲಿ ನೋಡಿಲ್ಲ ನಾನು. ಆದ್ರೂ ನಕ್ಕೆ. ನಿನ್ನೆ ಚರ್ಚಿಗೆ ಕೋಟು ಹಾಕ್ಕೊಂಡು ಹೋಗಿದ್ದೆ. ಸಮವಸ್ತ್ರ ಇಲ್ಲೇ ಮೊಳೆಗೆ ನೇತಾಡ್ತಿತ್ತು, ಕೀಲಿ ಸಮೇತ. ಮಂಡಿ ನೋವು, ನಾ ಬರಲ್ಲ ಅಂದಿದ್ಲು ಇವಳು."

"ಅಷ್ಟಕ್ಕೇ ಇವರೇ ಅಂತ ಹೇಗೆ ಗೊತ್ತಾಯ್ತು?"

"ಉಪ್ಪು. ಬೆಳಿಗ್ಗೆ ಹಿರಿಯರಿಗೆ ಎತ್ತಿಟ್ಟು, ಉಳಿದದ್ದನ್ನ ನಂಗೆ ಬಡಿಸಿದ್ಲು. ಮರೆತಿದ್ದಾಳೆ ಅಂದ್ಕೊಂಡೆ. ಇವಳು ಮರೆಯೋಳಲ್ಲ. ಡೋಲು ಬಾರಿಸದೆ ಹಿರಿಯರು ಎಡೆಗೆ ಬರಲ್ಲ. ಕದ್ದದ್ದು ನನ್ನ ದೊಡ್ಡಮ್ಮನೇ."

ಮೆಲ್ವಾ ಎದೆಯ ಮೇಲೆ ಶಿಲುಬೆಯ ಗುರುತು ಎಳೆದುಕೊಂಡಳು. ಉಪ್ಪುಂಡ ಮೈ ಭಾರವಾಗಿ ನೆಲಕ್ಕೆ ಅಂಟಿಕೊಳ್ಳುತ್ತದೆ, ಸಮುದ್ರ ದಾಟಿ, ಗುಲಾಮರಾಗಿ ಬಂದ ಹಿರಿಯರ ಊರಾದ ಆಫ್ರಿಕಕ್ಕೆ ಹಾರಿ ಹೋಗಲಾಗುವುದಿಲ್ಲ. ಹಾಗಾಗಿ ಸತ್ತವರ ಎಡೆಗೆ ಉಪ್ಪು ಹಾಕುವಂತಿಲ್ಲ. ಇದು ಅವಳ ಮನೆಯಲ್ಲೂ ಗೊತ್ತಿದ್ದ ಸಂಗತಿಯೇ.

"ಯಾಕೆ ದೊಡ್ಡಮ್ಮ?"

"ನನ್ನಜ್ಜ ತನ್ನಮ್ಮನ ಗೋರಿಗೆ ಕಲ್ಲು ನಿಲ್ಲಿಸೋ ದಿನ ಇದನ್ನ ಬಾರಿಸ್ತಿದ್ದ. ನಡುವೇನೇ ಕಿತ್ಕೊಂಡ್ರು. ಎಡೆ ಹಾಗೇ ಉಳೀತು. ಅವತ್ತು ಹಸಿದು ಎದ್ದು ಹೋದ ಹಿರೀಕರು ಈ ಮನೆ ಕಡೆ ಮತ್ತೆ ಬರಲಿಲ್ಲ." ಅವಳು ಡೋಲಿನ ಅಂಚು ಸವರಿದಳು. "ನನ್ನ ಆಂಬ್ರೋಸ್ ಹೋಗಿ ಹನ್ನೊಂದು ವರ್ಷ. ಹಡಗು ಮುಳುಗ್ತು, ಮೈ ಕೂಡ ಸಿಗಲಿಲ್ಲ. ಕಲ್ಲು ನಿಲ್ಲಿಸೋಣ ಅಂದ್ರೆ ಗೋರಿ ಎಲ್ಲಿದೆ? ನನ್ನ ಮಗ ಇನ್ನೂ ನೀರಲ್ಲೇ ಇದ್ದಾನೆ ಕಣೋ. ದೊಡ್ಡವರು ಬಂದು ಕೈ ಹಿಡಿದು ಕರ್ಕೊಂಡು ಹೋಗ್ದಿದ್ರೆ ಅವನಿಗೆ ದಾರಿ ಯಾರು ತೋರಿಸ್ತಾರೆ? ಇವತ್ತು ಸಂಜೆ ಲಿಯೋನ ಕರೆಸಿ ಬಾರಿಸಿಸಿ, ನಾಳೆ ನಾನೇ ತಂದು ಕೊಡ್ತಿದ್ದೆ."

"ನನ್ನ ಕೇಳಬಹುದಿತ್ತು."

"ಎರಡು ಸಲ ಕೇಳಿದೆ. ಕಾಗದಕ್ಕೆ ಸಹಿ ಹಾಕಿದೀನಿ, ಯಾರೂ ಮುಟ್ಟೋ ಹಾಗಿಲ್ಲ ಅಂದೆ ನೀನು."

ಹೌದು, ಅಂದಿದ್ದ. ಎರಡನೆಯ ಸಲ ಪೇಪರಿನಿಂದ ತಲೆ ಕೂಡ ಎತ್ತಿರಲಿಲ್ಲ.

"ಅವತ್ತೂ ಮ್ಯಾಜಿಸ್ಟ್ರೇಟ್ ತಾನೇ ಕೈ ಹಾಕಿರಲಿಲ್ಲ," ಎಂದಳು ದೊಡ್ಡಮ್ಮ. "ಅಜ್ಜನ ಕೈಯಿಂದ ಕಿತ್ಕೊಂಡಿದ್ದು ನಮ್ಮೂರ ಪೊಲೀಸ್ನೋನೇ. ಈಗ ನೀನೇನು ಮಾಡ್ತೀಯ?"

ಗಡಿಯಾರದಲ್ಲಿ ಎರಡೂ ಮುಕ್ಕಾಲು. ಆಲ್ಬನ್ ಟೋಪಿ ತೆಗೆದು ಮೊಳೆಗೆ ನೇತುಹಾಕಿದ.

"ಮೆಲ್ವಾ, ಮೇಷ್ಟ್ರನ್ನ ಬಿಟ್ಟುಬಿಡು. ನಾನೇ ಬಂದು ಅವರ ಕಾಲಿಗೆ ಬೀಳ್ತೀನಿ ಅಂತ ಹೇಳು. ಲಿಯೋನ ಕರ್ಕೊಂಡು ಬಾ, ಬೇಗ."

ಲಿಯೋ ಅರಗು ಮೆತ್ತಿದ ಕೈ ತೊಳೆದುಕೊಂಡು ಬಂದ. ಹಳೆಯ ಚರ್ಮ ಹರಿದೀತೆಂದು ಬೆರಳ ತುದಿಯಲ್ಲೇ, ಹಿರಿಯರ ಕ್ಷಮೆ ಬೇಡುವ ಮೊದಲ ಪೆಟ್ಟು ಹಾಕಿದ. ಸದ್ದು ಮಂಕಾಗಿತ್ತು, ಆದರೆ ಬಂತು. ದೊಡ್ಡಮ್ಮ ನೋವಿನ ಮಂಡಿ ಊರಿ ಹೆಸರು ಹಿಡಿದು ಕರೆಯತೊಡಗಿದಳು — ಮುತ್ತಜ್ಜಿ, ಅಜ್ಜ, ಅಪ್ಪ, ಆಲ್ಬನ್‌ನ ತಾಯಿ. ಕೊನೆಗೆ ಆಂಬ್ರೋಸ್. ಆ ಹೆಸರು ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ಮಂಡಿಯೂರಿದ್ದ ಆಲ್ಬನ್ ಆ ಹೆಸರನ್ನು ಅವಳ ಬದಲು ತಾನು ಕರೆದ.

ಬಂದರಿನಲ್ಲಿ ಹಡಗು ಮೊದಲ ಸಲ ಕೂಗಿತು. ಆಲ್ಬನ್ ಏಳಲಿಲ್ಲ. ಲಿಯೋ ಕೊನೆಯ ಪೆಟ್ಟು ಹಾಕಿ ತಾನಾಗಿಯೇ ಕೈ ತೆಗೆದ ಮೇಲೆ ಎದ್ದು, ಡೋಲನ್ನು ತನ್ನ ತಲೆಯ ಮೇಲೆ ಹೊತ್ತು ಬಂದರಿಗೆ ನಡೆದ. ಪೆಲ್ ಸಾಹೇಬ ಅದನ್ನು ತಿರುಗಿಸಿ ನೋಡಿ, ಪೆಟ್ಟಿಗೆಗೆ ಹಾಕಿ, ಬೀಗ ಜಡಿದ. ಧನ್ಯವಾದ ಎಂದೂ ಹೇಳಿದ. ಹಡಗು ಕಣ್ಮರೆಯಾಗುವ ತನಕ ಲಿಯೋ ಕಟ್ಟೆಯ ಮೇಲೆ ಕುಳಿತು ಅಳುತ್ತಿದ್ದ.

ಸಂಜೆ ಆಲ್ಬನ್ ವರದಿ ಬರೆದ. ಆರೋಪಿ, ಎಸ್ಟೀನಾ ಕಾಂಪ್ಟನ್, ವಯಸ್ಸು ಎಂಬತ್ತೊಂದು. ಕೀಲಿ ಕಾಯದೆ ತಪ್ಪು ಮಾಡಿದವನು, ಈ ವರದಿ ಬರೆದ ಸಾರ್ಜೆಂಟ್.

ಮನೆಗೆ ಬಂದಾಗ ದೊಡ್ಡಮ್ಮ ಉಳಿದ ಮುದ್ದೆ ಬಿಸಿ ಮಾಡಿ ತಟ್ಟೆಗೆ ಹಾಕಿದಳು. ಅವನು ಸಪ್ಪೆಯಾಗಿಯೇ ಒಂದು ತುತ್ತು ನುಂಗಿದ. ಅವಳು ಉಪ್ಪಿನ ಬಟ್ಟಲನ್ನು ಅವನ ಕಡೆ ಸರಿಸಿದಳು.

"ಹಾಕ್ಕೋ ಮಗ. ಅವರೆಲ್ಲ ಉಂಡು ಹೊರಟ್ರು. ಇನ್ನು ಇಲ್ಲಿ ಇರಬೇಕಾದೋರು ನಾವಿಬ್ರೇ."